ಟ್ಯಾಗ್ ಲೈಸೆನ್ಸ್ ಮುಗಿದಿದೆ, ಪಿಎಲ್‌ಸಿ ಹಳೆಯದಾಗಿದೆ: ಓಪನ್ ಸೋರ್ಸ್‌ಗೆ ಹೋಗಬಹುದಾ?

ಹಳೇಪ್ಯಾನೆಲ್:

ನಮಸ್ಕಾರ. ಶಾಂಪೂ ತುಂಬುವ ಕಾರ್ಖಾನೆಯೊಂದರ ಮೆಂಟೆನೆನ್ಸ್‌ನಲ್ಲಿದ್ದೇನೆ. ಓದಿದ್ದು ಎಲೆಕ್ಟ್ರಿಕಲ್. ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಕಂಟ್ರೋಲ್ ಕಂಪ್ಯೂಟರ್, ಕಲಿತಿದ್ದು ಪ್ಯಾನೆಲ್ ಮುಂದೆ ನಿಂತು, ಪ್ರೊಡಕ್ಷನ್‌ನವರ ಹತ್ತಿರ ಬೈಸಿಕೊಳ್ಳುತ್ತಾ. ಹಾಗಾಗಿ ಪ್ರಶ್ನೆ ದಡ್ಡತನದ್ದು ಅನಿಸಿದರೆ ಸಹಿಸಿಕೊಳ್ಳಿ.

ನಮ್ಮಲ್ಲಿ ಮೂರು ಫಿಲ್ಲಿಂಗ್ ಲೈನ್ ಇವೆ. ಮೂರಕ್ಕೂ ಒಂದೇ ಕಂಪನಿಯ ಪಿಎಲ್‌ಸಿ. ಟಚ್ ಸ್ಕ್ರೀನ್, ಮೋಟಾರ್ ವೇಗ ನಿಯಂತ್ರಿಸುವ ಡ್ರೈವ್‌ಗಳು, ಸ್ಕಾಡಾ (ಲೈನ್‌ಗಳನ್ನು ಕಂಪ್ಯೂಟರ್‌ನಲ್ಲಿ ನೋಡಿ ನಡೆಸುವ ಸಾಫ್ಟ್‌ವೇರ್) ಎಲ್ಲವೂ ಅದೇ ಕಂಪನಿಯದು. ಹಾಕಿ 14 ವರ್ಷ ಆಯಿತು. "ಎಲ್ಲ ಒಂದೇ ಕಡೆ ತಗೊಂಡ್ರೆ ತಲೆನೋವು ಇರಲ್ಲ" ಅಂತ ಆಗ ಹೇಳಿದ್ದರಂತೆ. ಆ ತಲೆನೋವು ಬಡ್ಡಿ ಸೇರಿಸಿಕೊಂಡು ಈಗ ನನ್ನ ಟೇಬಲ್ ಮೇಲೆ ಬಂದು ಕೂತಿದೆ.

ಸಿಪಿಯು ತಯಾರಿಕೆ ನಿಂತುಹೋಗಿದೆ. ನಮ್ಮ ಹತ್ತಿರ ಸ್ಪೇರ್ ಒಂದೇ ಒಂದು ಇದೆ. ಪ್ರೋಗ್ರಾಮ್ ತೆಗೆಯುವ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಇರುವ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತದೆ, ಅದೂ ಪ್ರಿಂಟರ್ ಪೋರ್ಟ್‌ಗೆ ಡಾಂಗಲ್ (ಲೈಸೆನ್ಸ್‌ನ ಬೀಗದ ಕೈ) ಸಿಕ್ಕಿಸಿದರೆ. ಆ ಲ್ಯಾಪ್‌ಟಾಪ್‌ನ ಕೀಲು ಮುರಿದಿದೆ, ಪರದೆಯನ್ನು ಗೋಡೆಗೆ ಒರಗಿಸಿ ಕೆಲಸ ಮಾಡುತ್ತೇವೆ. ಮೆಷಿನ್ ಮಾಡಿಕೊಟ್ಟ ಕಂಪನಿ ಮುಚ್ಚಿಹೋಗಿದೆ. ಹೋಗುವಾಗ ಪ್ರೋಗ್ರಾಮ್‌ನ ಎರಡು ಬ್ಲಾಕ್‌ಗಳ ಪಾಸ್‌ವರ್ಡ್ ಕೊಟ್ಟಿಲ್ಲ.

ಇದೆಲ್ಲ ಇದ್ದದ್ದೇ. ಈಗ ಹೊಸದಾಗಿ ಬಂದಿರುವುದು ಏನಂದರೆ, 12 ಎನರ್ಜಿ ಮೀಟರ್ ಹಾಕಿ ಲೈನ್‌ವಾರು ಕರೆಂಟ್ ಲೆಕ್ಕ ತೋರಿಸಿ ಅಂತ ಮ್ಯಾನೇಜರ್ ಕೇಳಿದ್ದಾರೆ. ಸ್ಕಾಡಾ ಲೈಸೆನ್ಸ್ ಇರುವುದು 500 ಟ್ಯಾಗ್‌ಗೆ (ಸ್ಕಾಡಾ ಓದುವ ಒಂದೊಂದು ಅಳತೆಯೂ, ಸಿಗ್ನಲ್ಲೂ ಒಂದು ಟ್ಯಾಗ್). 496 ತುಂಬಿದೆ. ಮುಂದಿನ ಸ್ಲ್ಯಾಬ್ ಬೇಕೆಂದರೆ ಸ್ಕಾಡಾ ಹೊಸ ವರ್ಷನ್ ಬೇಕು, ಅದಕ್ಕೆ ಹೊಸ ವಿಂಡೋಸ್, ಅದಕ್ಕೆ ಹೊಸ ಪಿಎಲ್‌ಸಿ. ಹೀಗೆ ಒಂದು ದಾರ ಎಳೆದರೆ ಇಡೀ ಸ್ವೆಟರ್ ಬಿಚ್ಚುತ್ತಿದೆ.

ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ನಲ್ಲಿ, ಇದೆಲ್ಲ ಆಗುತ್ತಂತೆ ಅಂತ ಕೇಳಿದ್ದೇನೆ. ನಿಜವಾಗಿ ಎಲ್ಲಿಯವರೆಗೆ ಆಗುತ್ತದೆ? ಮ್ಯಾನೇಜರ್ ಕೇಳುವ ಪ್ರಶ್ನೆ ಒಂದೇ: "ರಾತ್ರಿ ಎರಡು ಗಂಟೆಗೆ ಲೈನ್ ನಿಂತರೆ ಫೋನ್ ಎತ್ತೋರು ಯಾರು?"

ಪೈಥಾನ್‌ಪ್ರಿಯ:

ಆಗುತ್ತೆ ಸರ್, ಎಲ್ಲವೂ ಆಗುತ್ತೆ. ಓಪನ್‌ಪಿಎಲ್‌ಸಿ ನೋಡಿ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಓಡುತ್ತದೆ, ಲ್ಯಾಡರ್‌ನಲ್ಲೇ (ಪಿಎಲ್‌ಸಿಯ ಏಣಿ ಚಿತ್ರದ ಭಾಷೆ) ಬರೆಯಬಹುದು, ಮಾಡ್‌ಬಸ್ (ಉಪಕರಣಗಳು ಡೇಟಾ ಹಂಚಿಕೊಳ್ಳುವ ಭಾಷೆ) ಮಾತಾಡುತ್ತದೆ. ಡೇಟಾ ಓದಿ ಸಾಗಿಸುವ ಮೇಲಿನ ಕೆಲಸಕ್ಕೆ ನೋಡ್-ರೆಡ್, ಪರದೆಯ ಗ್ರಾಫ್‌ಗೆ ಗ್ರಫಾನಾ. ನಾನು ಮನೆಯ ನೀರಿನ ಟ್ಯಾಂಕ್ ಪೂರ್ತಿ ಹೀಗೇ ಮಾಡಿದ್ದೇನೆ. ಹಳೇದೆಲ್ಲ ಕಿತ್ತು ಬಿಸಾಕಿ. ಎರಡು ವಾರಾಂತ್ಯದ ಕೆಲಸ.

ಲ್ಯಾಡರ್‌ಲೆಕ್ಕ:

ಪೈಥಾನ್‌ಪ್ರಿಯ, ನೀರಿನ ಟ್ಯಾಂಕ್ ತುಂಬಿ ಹರಿದರೆ ನೆಲ ಒರೆಸಿದರೆ ಆಯಿತು. ಫಿಲ್ಲಿಂಗ್ ಲೈನ್‌ನಲ್ಲಿ ಜನ ಕೈ ಹಾಕುತ್ತಾರೆ. ಎರಡೂ ಒಂದೇ ಅಲ್ಲ.

ಹಳೇಪ್ಯಾನೆಲ್ ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನೀವು ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೇ ಗಂಟು ಕಟ್ಟಿದ್ದೀರಿ. ಮಾರಾಟದವರು ಅದನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಟ್ಟಿದ್ದಾರೆ. ಮೊದಲು ಬಿಚ್ಚೋಣ.

ಮೀಟರ್ ವಿಷಯ ಸುಲಭ. ಆ 12 ಮೀಟರ್‌ಗಳು ಸ್ಕಾಡಾ ಒಳಗೆ ಯಾಕೆ ಬರಬೇಕು? ಲೈನ್ ಓಡಿಸಲು ಆಪರೇಟರ್‌ಗೆ ಯೂನಿಟ್ ಲೆಕ್ಕ ಬೇಕಿಲ್ಲ. ಮ್ಯಾನೇಜರ್‌ಗೆ ಬೇಕು. ಅವರು ನೋಡುವುದು ದಿನಕ್ಕೊಂದು ಸಲ. ಪ್ಯಾನೆಲ್‌ಗೆ ಹಾಕುವ ಎನರ್ಜಿ ಮೀಟರ್‌ಗಳು ಸಾಮಾನ್ಯವಾಗಿ ಆರ್‌ಎಸ್-485 ಅನ್ನುವ ತಂತಿ ಸಂಪರ್ಕದ ಮೇಲೆ ಮಾಡ್‌ಬಸ್ ಆರ್‌ಟಿಯು ಮಾತಾಡುತ್ತವೆ. ಮಾಡ್‌ಬಸ್ 1979ರಲ್ಲಿ ಮೋಡಿಕಾನ್ ಕಂಪನಿಯಿಂದ ಬಂದದ್ದು. ಅದನ್ನು ಬಳಸಲು ಯಾರಿಗೂ ಲೈಸೆನ್ಸ್ ಕಟ್ಟಬೇಕಿಲ್ಲ. ಮೀಟರ್ ಕೇಬಲನ್ನು ನೆಟ್‌ವರ್ಕ್‌ಗೆ ಜೋಡಿಸುವ ಒಂದು ಗೇಟ್‌ವೇ, ಒಂದು ಸಣ್ಣ ಇಂಡಸ್ಟ್ರಿಯಲ್ ಪಿಸಿ. ಅದರಲ್ಲಿ ಲಿನಕ್ಸ್. ಓದಲು ನೋಡ್-ರೆಡ್ ಅಥವಾ ಟೆಲಿಗ್ರಾಫ್, ಇಡಲು ಪೋಸ್ಟ್‌ಗ್ರೆಸ್, ತೋರಿಸಲು ಗ್ರಫಾನಾ. ಇಲ್ಲಿ ಟ್ಯಾಗ್ ಎಣಿಸುವವರು ಯಾರೂ ಇಲ್ಲ. ಈ ಪಿಸಿ ಕೆಟ್ಟರೆ ಮೀಟರ್ ಗ್ರಾಫ್‌ನಲ್ಲಿ ತೂತು ಬೀಳುತ್ತದೆ, ಅಷ್ಟೇ. ಲೈನ್ ನಿಲ್ಲುವುದಿಲ್ಲ. ಓಪನ್ ಸೋರ್ಸ್ ಶುರು ಮಾಡಲು ಸರಿಯಾದ ಜಾಗ ಇದೇ. ತಪ್ಪಿದರೂ ಯಾರೂ ಬೈಯದ ಜಾಗ.

ಮೀಟರ್ ಓದುವಾಗ ಎಲ್ಲರೂ ಒಂದೊಂದು ದಿನ ಹಾಳು ಮಾಡಿಕೊಳ್ಳುವ ಕಡೆಗಳನ್ನು ಈಗಲೇ ಹೇಳಿಬಿಡುತ್ತೇನೆ. ಎ ಮತ್ತು ಬಿ ತಂತಿಯ ಹೆಸರನ್ನು ಕೆಲವು ಕಂಪನಿಗಳು ಅದಲು ಬದಲು ಬರೆದಿರುತ್ತವೆ. ಉತ್ತರ ಬರದಿದ್ದರೆ ಮೊದಲು ತಂತಿ ತಿರುಗಿಸಿ ನೋಡಿ, ಆಮೇಲೆ ಸಾಫ್ಟ್‌ವೇರ್ ಬೈಯಿರಿ. ಕೇಬಲ್‌ನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು, ನಡುವೆ ಬೇಡ. ಮ್ಯಾನುಯಲ್‌ನಲ್ಲಿ ರಿಜಿಸ್ಟರ್ (ಮೀಟರ್ ಒಳಗೆ ಸಂಖ್ಯೆ ಇಡುವ ಗೂಡು) 40001 ಅಂತ ಬರೆದಿದ್ದರೆ ತಂತಿಯ ಮೇಲೆ ಹೋಗುವ ವಿಳಾಸ 0; ಮುಂದಿನ 4 ರಿಜಿಸ್ಟರ್‌ನ ವಿಧ, ಎಣಿಕೆ 1ರ ಬದಲು 0ಯಿಂದ. ಈ ಒಂದು ಅಂಕಿ ಎಷ್ಟು ಜನರ ನಿದ್ದೆ ಕೆಡಿಸಿದೆಯೋ. ದಶಮಾಂಶ ಸಂಖ್ಯೆ ಎರಡು ರಿಜಿಸ್ಟರ್‌ನಲ್ಲಿ ಬರುತ್ತದೆ, ಯಾವುದು ಮೊದಲು ಅನ್ನುವುದು ಮೀಟರ್‌ನಿಂದ ಮೀಟರ್‌ಗೆ ಬೇರೆ. ಇನ್ನೊಂದು: ಆರ್‌ಟಿಯು ಬಸ್‌ಗೆ (ಎಲ್ಲರೂ ಹಂಚಿಕೊಳ್ಳುವ ಕೇಬಲ್) ಒಬ್ಬನೇ ಯಜಮಾನ, ಅಂದರೆ ಪ್ರಶ್ನೆ ಕೇಳುವವನು. ಈಗಾಗಲೇ ಪಿಎಲ್‌ಸಿ ಓದುತ್ತಿರುವ ಬಸ್‌ಗೆ ನಿಮ್ಮ ಪಿಸಿಯನ್ನೂ ಯಜಮಾನನಾಗಿ ಸೇರಿಸಬೇಡಿ. ಮೀಟರ್‌ಗೆ ಬೇರೆ ಕೇಬಲ್ ಎಳೆಯಿರಿ.

ಇನ್ನು ಎರಡನೇ ಗಂಟು, ಪಿಎಲ್‌ಸಿ. ಇಲ್ಲಿ ನಿಧಾನ.

ಬೀಗ ಹಾರ್ಡ್‌ವೇರ್‌ನಲ್ಲಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಬೀಗ ಇರುವುದು ಕಾಮೆಂಟ್‌ಗಳಲ್ಲಿ. ಹಳೇ ಕಂಟ್ರೋಲರ್‌ಗಳಿಂದ ಪ್ರೋಗ್ರಾಮ್ ಅಪ್‌ಲೋಡ್ ಮಾಡಿದರೆ ಬರುವುದು ಬರೀ ವಿಳಾಸ. ಬಿಟ್ 37 ಆನ್ ಆದರೆ ಬಿಟ್ 112 ಆನ್. ಅದು ಕ್ಯಾಪ್ ಇಲ್ಲದ ಬಾಟ್ಲಿಯೋ, ಮೋಟಾರ್ ಟ್ರಿಪ್ಪೋ, ದೇವರಿಗೇ ಗೊತ್ತು. ಹೆಸರು, ಕಾಮೆಂಟ್ ಎಲ್ಲ ಬರೆದವರ ಲ್ಯಾಪ್‌ಟಾಪ್‌ನ ಪ್ರಾಜೆಕ್ಟ್ ಫೈಲ್‌ನಲ್ಲಿ ಉಳಿದಿರುತ್ತದೆ. ಆ ಫೈಲ್ ನಿಮ್ಮ ಹತ್ತಿರ ಇದೆಯಾ? ಇದ್ದರೆ ನೀವು ಅರ್ಧ ಬಿಡುಗಡೆ ಆದಂತೆ. ಇಲ್ಲದಿದ್ದರೆ ಯಾವ ಓಪನ್ ಸೋರ್ಸ್ ಬಂದರೂ ಮೊದಲು ತಂತಿ ಹಿಡಿದು ಐಒ (ಇನ್‌ಪುಟ್, ಔಟ್‌ಪುಟ್) ಪಟ್ಟಿ ಬರೆಯಬೇಕು. ಒಂದೊಂದೇ ಸೆನ್ಸರ್‌ಗೆ ಕೈ ಅಡ್ಡ ಹಿಡಿದು, ಯಾವ ಇನ್‌ಪುಟ್ ದೀಪ ಹತ್ತುತ್ತದೆ ನೋಡುತ್ತಾ.

ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ ಕೆಲಸ: ಸಿಪಿಯು ಬ್ಯಾಟರಿ ನೋಡಿ. ಆ ಕಾಲದ ಎಷ್ಟೋ ಸಿಪಿಯುಗಳಲ್ಲಿ ಪ್ರೋಗ್ರಾಮ್ ನಿಂತಿರುವುದು ಒಂದು ಲಿಥಿಯಂ ಬ್ಯಾಟರಿ ಮೇಲೆ. ಕರೆಂಟ್ ಹೋಗಿ, ಬ್ಯಾಟರಿಯೂ ಸತ್ತಿದ್ದರೆ ಸಿಪಿಯು ಖಾಲಿ ಪಾಟಿಯಾಗುತ್ತದೆ. ಬ್ಯಾಕಪ್ ತೆಗೆದುಕೊಂಡು, ಮ್ಯಾನುಯಲ್ ಓದಿ, ಪವರ್ ಆನ್ ಇರುವಾಗಲೇ ಬದಲಿಸಿ. ಆಫ್ ಮಾಡಿ ಬ್ಯಾಟರಿ ತೆಗೆದ ಪುಣ್ಯಾತ್ಮರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಆ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಇಮೇಜ್ (ಪೂರ್ತಿ ನಕಲು) ಕೂಡ ತೆಗೆಯಿರಿ. ಎಕ್ಸ್‌ಪಿಗೆ ಬೆಂಬಲ ನಿಂತದ್ದೇ 2014ರ ಏಪ್ರಿಲ್‌ನಲ್ಲಿ.

ಹೊಸ ಕಂಟ್ರೋಲರ್ ಯಾವುದು ಅನ್ನುವ ಪ್ರಶ್ನೆಗೆ ಬರೋಣ. ಐಇಸಿ 61131-3 ಅಂತ ಪಿಎಲ್‌ಸಿ ಭಾಷೆಗಳಿಗೆ ಒಂದು ಸ್ಟ್ಯಾಂಡರ್ಡ್ ಇದೆ, 1993ರಿಂದ. ಲ್ಯಾಡರ್, ಸ್ಟ್ರಕ್ಚರ್ಡ್ ಟೆಕ್ಸ್ಟ್ ಎಲ್ಲ ಅದರದ್ದೇ. "ನಾವು ಸ್ಟ್ಯಾಂಡರ್ಡ್" ಅಂತ ಎಲ್ಲ ಕಂಪನಿಯವರೂ ಹೇಳುತ್ತಾರೆ. ಹೇಳುವುದು ಸುಳ್ಳಲ್ಲ, ಆದರೆ ಒಬ್ಬರ ಪ್ರಾಜೆಕ್ಟ್ ಇನ್ನೊಬ್ಬರಲ್ಲಿ ತೆರೆಯುವುದಿಲ್ಲ. ಇಬ್ಬರೂ ಕನ್ನಡವೇ ಮಾತಾಡಿದರೂ ಒಬ್ಬರ ಕೈಬರಹ ಇನ್ನೊಬ್ಬರಿಗೆ ಓದಲು ಬರದ ಹಾಗೆ. ಪಿಎಲ್‌ಸಿಓಪನ್ ಎಕ್ಸ್‌ಎಂಎಲ್ ಅಂತ ಸಾಗಿಸುವ ಫಾರ್ಮ್ಯಾಟ್ ಮಾಡಿದ್ದಾರೆ, 2019ರಲ್ಲಿ ಅದೂ ಸ್ಟ್ಯಾಂಡರ್ಡ್ ಆಯಿತು. ಎಲ್ಲರೂ ಪೂರ್ತಿ ಪಾಲಿಸಿದರೆ ಚೆನ್ನಾಗಿತ್ತು. ನಾನು ಮಾಡುವುದು ಹೀಗೆ: ಲಾಜಿಕ್ ಆದಷ್ಟೂ ಸ್ಟ್ರಕ್ಚರ್ಡ್ ಟೆಕ್ಸ್ಟ್‌ನಲ್ಲಿ. ಅದು ಬರೀ ಅಕ್ಷರ, ಎಲ್ಲಿಗೆ ಬೇಕಾದರೂ ಹೋಗುತ್ತದೆ, ಗಿಟ್‌ನಲ್ಲಿಟ್ಟರೆ ಯಾರು ಯಾವಾಗ ಏನು ಬದಲಿಸಿದರು ಅಂತ ಸಾಲು ಸಾಲಾಗಿ ಕಾಣುತ್ತದೆ. ಭೌತಿಕ ವಿಳಾಸಗಳನ್ನೆಲ್ಲ ಒಂದೇ ಬ್ಲಾಕ್‌ನಲ್ಲಿ ಹೆಸರಿಗೆ ಜೋಡಿಸುತ್ತೇನೆ. ಕಂಪನಿಯ ಸ್ವಂತ ಲೈಬ್ರರಿ ಬ್ಲಾಕ್ ಬೇಕೇ ಬೇಕಾದರೆ ಅದಕ್ಕೊಂದು ಸುತ್ತು ಹೊದಿಕೆ ಬರೆದು, ಹೊರಗಿನವರಿಗೆ ಹೊದಿಕೆ ಮಾತ್ರ ಕಾಣುವ ಹಾಗೆ ಇಡುತ್ತೇನೆ.

ಸಾಫ್ಟ್ ಪಿಎಲ್‌ಸಿ, ಅಂದರೆ ಪಿಎಲ್‌ಸಿ ಕೆಲಸ ಮಾಡುವ ಸಾಫ್ಟ್‌ವೇರ್, ಬಗ್ಗೆ ಒಂದು ಮಾತು. ಕೋಡೆಸಿಸ್ ತರಹದ್ದು ಬೇಕಾದಷ್ಟು ಕಂಪನಿಗಳ ಹಾರ್ಡ್‌ವೇರ್ ಮೇಲೆ ಓಡುತ್ತದೆ, ಹಾಗಂತ ಅದು ಓಪನ್ ಸೋರ್ಸ್ ಅಲ್ಲ. ಬೀಗ ಹಾರ್ಡ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಜಾಗ ಬದಲಿಸಿತು ಅಷ್ಟೇ. ನನ್ನ ಮಟ್ಟಿಗೆ ಅದು ಕೆಟ್ಟ ವ್ಯಾಪಾರ ಅಲ್ಲ, ಆದರೆ ಗೊತ್ತಿದ್ದು ಮಾಡಬೇಕು. ಓಪನ್‌ಪಿಎಲ್‌ಸಿ, ಬೆರೆಮಿಜ್ ನಿಜವಾದ ಓಪನ್ ಸೋರ್ಸ್. ನಾನು ಕಲಿಸಲು ಬಳಸುತ್ತೇನೆ, ಒಂದು ಕನ್ವೇಯರ್ ಪರೀಕ್ಷಾ ಮೇಜಿಗೆ ಬಳಸಿದ್ದೇನೆ. ಫಿಲ್ಲಿಂಗ್ ಲೈನ್‌ಗೆ ಹಾಕುವ ಧೈರ್ಯ ಇನ್ನೂ ಮಾಡಿಲ್ಲ. ಲಿನಕ್ಸ್ ಹಿಂದಿನ ಹಾಗಿಲ್ಲ ನಿಜ. ಇಪ್ಪತ್ತು ವರ್ಷ ಹೊರಗೇ ಇದ್ದ ರಿಯಲ್ ಟೈಮ್ ಪ್ಯಾಚ್ (ಕೆಲಸ ಹೇಳಿದ ಸಮಯದೊಳಗೆ ಆಗುವಂತೆ ಮಾಡುವ ಬದಲಾವಣೆ) 2024ರಲ್ಲಿ 6.12 ವರ್ಷನ್‌ಗೆ ಮುಖ್ಯ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಬಂತು. ಆದರೆ ನಿಮ್ಮ ಫಿಲ್ಲಿಂಗ್ ವಾಲ್ವ್ 20 ಮಿಲಿಸೆಕೆಂಡ್ ತಡವಾಗಿ ಮುಚ್ಚಿದರೆ ಎಷ್ಟು ಶಾಂಪೂ ನೆಲಕ್ಕೆ ಅಂತ ನೀವೇ ಲೆಕ್ಕ ಹಾಕಿ.

ಎಮರ್ಜೆನ್ಸಿ ಸ್ಟಾಪ್, ಗಾರ್ಡ್ ಬಾಗಿಲು, ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಬೆಳಕಿನ ಪರದೆ): ಇವು ಸರ್ಟಿಫೈಡ್ ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿಯಲ್ಲೇ ಇರಬೇಕು. ಇದರಲ್ಲಿ ಚರ್ಚೆ ಇಲ್ಲ.

ರಾತ್ರಿಪಾಳಿ:

ಮೇಲಿನವರು ಹೇಳಿದ್ದು ಸರಿ. ನಾನು ಇನ್ನೊಂದು ಕಡೆಯ ಕಥೆ ಹೇಳುತ್ತೇನೆ.

ನಾನು ಹಿಂದೆ ಇದ್ದ ಕಡೆ ಒಬ್ಬ ಹುಡುಗ ಇದ್ದ. ತುಂಬಾ ಚುರುಕು. ಬಾಯ್ಲರ್ ಮನೆಯ ಲಾಗಿಂಗ್, ಡೋಸಿಂಗ್ (ರಾಸಾಯನಿಕ ಅಳೆದು ಹಾಕುವ) ಪಂಪ್, ಅಲಾರ್ಮ್ ಮೆಸೇಜ್ ಎಲ್ಲವನ್ನೂ ಪೈಥಾನ್‌ನಲ್ಲಿ ಬರೆದು ರಾಸ್ಪ್‌ಬೆರಿ ಪೈಗೆ ಹಾಕಿದ. ಪೂರ್ತಿ ಓಪನ್ ಸೋರ್ಸ್. ಒಂದು ಲೈಸೆನ್ಸ್ ಕೂಡ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಒಂದೂವರೆ ವರ್ಷ ಆದಮೇಲೆ ಅವನು ಬೇರೆ ಕೆಲಸ ಸಿಕ್ಕಿ ಹೋದ. ಅವನು ಹೋಗಿ ಎರಡು ತಿಂಗಳಿಗೆ ಎಸ್‌ಡಿ ಕಾರ್ಡ್ ಸತ್ತಿತು. ಪ್ರತಿ ಸೆಕೆಂಡ್ ಅದೇ ಕಾರ್ಡ್‌ಗೆ ಲಾಗ್ ಬರೆಸಿದ್ದ, ಇನ್ನೇನಾಗುತ್ತೆ. ಕೋಡ್‌ನ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಪಾಸ್‌ವರ್ಡ್ ಅವನ ತಲೆಯಲ್ಲಿ. ಫೋನ್ ಮಾಡಿದರೆ ಪಾಪ ಎತ್ತುತ್ತಿದ್ದ, ಆದರೆ ಅವನಿಗೇ ಮರೆತುಹೋಗಿತ್ತು. ಮೂರು ದಿನ ಡೋಸಿಂಗ್ ಕೈಯಲ್ಲಿ ಮಾಡಿದೆವು, ಬಕೆಟ್ ಹಿಡಿದುಕೊಂಡು.

ಕಂಪನಿಗೆ ಸಿಕ್ಕಿಹಾಕಿಕೊಳ್ಳುವುದು ಒಂದು ತರಹ. ಒಬ್ಬ ಮನುಷ್ಯನಿಗೆ ಸಿಕ್ಕಿಹಾಕಿಕೊಳ್ಳುವುದು ಅದಕ್ಕಿಂತ ಕಷ್ಟ. ಕಂಪನಿಗಾದರೂ ದೂರು ಕೊಡಬಹುದು. ಹಳೇಪ್ಯಾನೆಲ್, ನಿಮ್ಮ ಮ್ಯಾನೇಜರ್ ಕೇಳಿದ್ದು ಸರಿಯಾದ ಪ್ರಶ್ನೆ. ನೀವೇನೇ ಹಾಕಿದರೂ ಅದನ್ನು ಮೊದಲಿಂದ ಕೂರಿಸುವುದು ಗೊತ್ತಿರುವ ಇಬ್ಬರು ಇರಬೇಕು. ಅದರಲ್ಲಿ ಒಬ್ಬರು ರಾತ್ರಿ ಪಾಳಿಯವರು. ಅನುಭವದಿಂದ ಹೇಳುತ್ತಿದ್ದೇನೆ.

ಪೈಥಾನ್‌ಪ್ರಿಯ:

ಸರಿ ಸರ್, ನೀರಿನ ಟ್ಯಾಂಕ್ ಮಾತು ವಾಪಸ್ ತಗೊಂಡೆ. ಆದರೂ ಓಪನ್ ಸೋರ್ಸ್ ಅಂದರೆ ಆಟಿಕೆ ಅನ್ನುವ ಹಾಗೆ ಮಾತು ಹೋಗುತ್ತಿದೆ, ಅದಕ್ಕೆ ಸುಮ್ನೆ ಇರಲಾರೆ. ಎಪಿಕ್ಸ್ ಅಂತ ಒಂದು ಕಂಟ್ರೋಲ್ ಸಾಫ್ಟ್‌ವೇರ್ ಇದೆ. ಅಮೆರಿಕದ ಲಾಸ್ ಅಲಾಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳು ಸೇರಿ ಕಟ್ಟಿದ್ದು. ಇವತ್ತು ಜಗತ್ತಿನ ಎಷ್ಟೋ ಕಣ ವೇಗವರ್ಧಕಗಳು, ದೊಡ್ಡ ದೂರದರ್ಶಕಗಳು ಅದರ ಮೇಲೆ ಓಡುತ್ತವೆ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್ ಫ್ಯೂಷನ್ ರಿಯಾಕ್ಟರ್ ಕೂಡ ಅದನ್ನೇ ಆರಿಸಿಕೊಂಡಿದೆ. ಮೆಷಿನ್ ಟೂಲ್ ನಡೆಸುವ ಲಿನಕ್ಸ್‌ಸಿಎನ್‌ಸಿ ಬೇರು ಇರುವುದು ಅಮೆರಿಕ ಸರ್ಕಾರದ ನಿಸ್ಟ್ ಅನ್ನುವ ಮಾನದಂಡ ಸಂಸ್ಥೆಯಲ್ಲಿ. ನಿಜವಾದ ಮಿಲ್ಲಿಂಗ್ ಮೆಷಿನ್‌ಗಳು ಅದರಲ್ಲಿ ಲೋಹ ಕೊರೆಯುತ್ತವೆ. ಉಪಕರಣಗಳು ಸಂದೇಶ ಕಳಿಸಲು ಬಳಸುವ ಎಂಕ್ಯೂಟಿಟಿ ಹುಟ್ಟಿದ್ದೇ 1999ರಲ್ಲಿ, ಎಣ್ಣೆ ಪೈಪ್‌ಲೈನ್ ನೋಡಿಕೊಳ್ಳಲು. ಮ್ಯಾನೇಜರ್‌ಗೆ ಇದನ್ನು ಹೇಳಿ.

ಲೈಸೆನ್ಸ್ ಬಗ್ಗೆ ಹೆದರಿಸುವವರು ಸಿಗುತ್ತಾರೆ, ಅದಕ್ಕೂ ಹೇಳಿಬಿಡುತ್ತೇನೆ. ಜಿಪಿಎಲ್ (ಒಂದು ಓಪನ್ ಸೋರ್ಸ್ ಲೈಸೆನ್ಸ್) ಸಾಫ್ಟ್‌ವೇರನ್ನು ನಿಮ್ಮ ಕಾರ್ಖಾನೆ ಒಳಗೇ ಬದಲಿಸಿ ಬಳಸಿದರೆ ಯಾರಿಗೂ ಕೋಡ್ ಕೊಡಬೇಕಿಲ್ಲ. ಮೆಷಿನ್ ಜೊತೆ ಹೊರಗೆ ಕೊಟ್ಟಾಗ ಆ ಪ್ರಶ್ನೆ ಬರುತ್ತದೆ.

ಲ್ಯಾಡರ್‌ಲೆಕ್ಕ:

ಎಪಿಕ್ಸ್ ಉದಾಹರಣೆ ಒಳ್ಳೆಯದು. ಆದರೆ ಆ ಪ್ರಯೋಗಾಲಯಗಳಲ್ಲಿ ಅದನ್ನೇ ನೋಡಿಕೊಳ್ಳಲು ಒಂದು ತಂಡ ಸಂಬಳ ತಗೊಂಡು ಕೂತಿದೆ ಅನ್ನುವುದನ್ನೂ ಮ್ಯಾನೇಜರ್‌ಗೆ ಹೇಳಬೇಕು. ಸಾಫ್ಟ್‌ವೇರ್ ಪುಕ್ಕಟೆ, ಆ ತಂಡ ಪುಕ್ಕಟೆ ಅಲ್ಲ.

ಹಳೇಪ್ಯಾನೆಲ್:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಹೇಳುತ್ತೇನೆ.

ಬ್ಯಾಟರಿ ನೋಡಿದೆ. ಒಂದನೇ ಲೈನ್‌ದು ಮೂರು ವರ್ಷದ ಹಿಂದೆ ಬದಲಿಸಿದ್ದು, ಯಾರೋ ಮಾರ್ಕರ್‌ನಲ್ಲಿ ತಾರೀಖು ಬರೆದಿದ್ದರು. ಮೂರನೇ ಲೈನ್‌ದರಲ್ಲಿ ಬ್ಯಾಟರಿ ಲೋ ದೀಪ ಉರಿಯುತ್ತಲೇ ಇತ್ತು. ಆ ದೀಪ ಯಾವಾಗಿನಿಂದ ಉರಿಯುತ್ತಿದೆ ಅಂತ ಆಪರೇಟರ್‌ನ ಕೇಳಿದೆ. "ಅದು ಯಾವಾಗಲೂ ಹಾಗೇ ಸರ್" ಅಂದ. ನನಗೆ ಕೈಕಾಲು ತಣ್ಣಗಾಯಿತು. ಬ್ಯಾಕಪ್ ತೆಗೆದು, ಮ್ಯಾನುಯಲ್ ಪ್ರಕಾರ ಪವರ್ ಆನ್ ಇಟ್ಟೇ ಬದಲಿಸಿದೆ. ಲ್ಯಾಪ್‌ಟಾಪ್ ಇಮೇಜ್ ತೆಗೆದಾಯಿತು. ವರ್ಚುವಲ್ ಮೆಷಿನ್‌ನಲ್ಲಿ ಎಕ್ಸ್‌ಪಿ ಏಳುತ್ತದೆ, ಸಾಫ್ಟ್‌ವೇರ್ ಡಾಂಗಲ್ ಕೇಳಿ ನಿಲ್ಲುತ್ತದೆ. ಅದು ಇನ್ನೂ ಬಾಕಿ.

ಮೀಟರ್ ಕಡೆ ನಾಲ್ಕು ಹಾಕಿದ್ದೇವೆ. ನೀವು ಹೇಳಿದ ಪ್ರತಿಯೊಂದು ಗುಂಡಿಗೂ ಬಿದ್ದೆ. ಎ-ಬಿ ಉಲ್ಟಾ, ಹೌದು. ಒಂದು ಅಂಕಿ ಹೆಚ್ಚುಕಡಿಮೆ, ಹೌದು. ವೋಲ್ಟೇಜ್ ಜಾಗದಲ್ಲಿ ಏನೋ ವಿಚಿತ್ರ ಸಂಖ್ಯೆ ಬರುತ್ತಿತ್ತು, ಎರಡು ರಿಜಿಸ್ಟರ್ ಹಿಂದುಮುಂದು ಮಾಡಿದ ತಕ್ಷಣ ಸರಿಯಾಯಿತು. ಗ್ರಫಾನಾದಲ್ಲಿ ಮೊದಲ ಗ್ರಾಫ್ ಬಂದ ದಿನ ಮ್ಯಾನೇಜರ್ ಬಂದು ನೋಡಿದರು. ಮಧ್ಯರಾತ್ರಿ ಲೈನ್ ನಿಂತಿದ್ದಾಗಲೂ ಕಂಪ್ರೆಸರ್ ಓಡುತ್ತಲೇ ಇರುವುದು ಅದರಲ್ಲಿ ಕಂಡಿತು. ಆಮೇಲೆ ಅವರು ಫೋನ್ ಎತ್ತೋರು ಯಾರು ಅಂತ ಕೇಳಲಿಲ್ಲ. ಕೇಳಿದ್ದು ಉಳಿದ ಎಂಟು ಮೀಟರ್ ಯಾವಾಗ ಅಂತ. ಗೇಟ್‌ವೇಗೆ ಬೇರೆ ನೆಟ್‌ವರ್ಕ್ ಮಾಡಿದ್ದೇನೆ, ಆಫೀಸ್ ನೆಟ್‌ವರ್ಕ್‌ಗೆ ಪಿಎಲ್‌ಸಿ ಕಾಣುವುದಿಲ್ಲ. ಇಡೀ ಸೆಟಪ್ ಹೇಗೆ ಕೂರಿಸುವುದು ಅಂತ ಬರೆದು, ರಾತ್ರಿ ಪಾಳಿಯ ಹುಡುಗನ ಕೈಲಿ ಖಾಲಿ ಪಿಸಿ ಕೊಟ್ಟು ಮಾಡಿಸಿದೆ. ಎರಡು ಕಡೆ ಸಿಕ್ಕಿಕೊಂಡ, ಅದನ್ನು ತಿದ್ದಿದೆ.

ಈಗ ಒಂದನೇ ಲೈನ್‌ಗೆ ಹೊಸ ಪಿಎಲ್‌ಸಿ ಹಾಕಲು ಒಪ್ಪಿಗೆ ಸಿಕ್ಕಿದೆ. ಹೊರಗಿನವರಿಗೆ ಕೊಡುತ್ತೇವೆ. ಆರ್ಡರ್‌ನಲ್ಲಿ ಏನು ಬರೆಸಲಿ? 14 ವರ್ಷ ಆದಮೇಲೆ ಇನ್ನೊಬ್ಬ ಹಳೇಪ್ಯಾನೆಲ್ ಇಲ್ಲಿಗೆ ಬಂದು ಇದೇ ಪ್ರಶ್ನೆ ಕೇಳಬಾರದು.

ಲ್ಯಾಡರ್‌ಲೆಕ್ಕ:

ಕಂಪ್ರೆಸರ್ ವಿಷಯ ಓದಿ ಖುಷಿಯಾಯಿತು.

ಆರ್ಡರ್‌ನಲ್ಲಿ "ಓಪನ್" ಅನ್ನುವ ಪದ ಬರೆಸಬೇಡಿ. ಬ್ರೋಷರ್‌ನಲ್ಲಿ ಎಲ್ಲರೂ ಓಪನ್ನೇ. ಬೇಕಾದ ವಸ್ತುವನ್ನು ಹೆಸರಿಟ್ಟು ಕೇಳಿ. ಕಾಮೆಂಟ್ ಸಮೇತ ಪ್ರಾಜೆಕ್ಟ್ ಫೈಲ್, ಪಿಎಲ್‌ಸಿಯದು, ಸ್ಕ್ರೀನ್‌ದು, ಡ್ರೈವ್ ಪ್ಯಾರಾಮೀಟರ್‌ಗಳದು. ಪಾಸ್‌ವರ್ಡ್ ಹಾಕಿದ ಬ್ಲಾಕ್ ಒಂದೂ ಇರಬಾರದು. ಇರಲೇಬೇಕು ಅಂದರೆ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಹತ್ತಿರ. ಯಾವ ಸಾಫ್ಟ್‌ವೇರ್, ಯಾವ ವರ್ಷನ್, ಯಾವ ಲೈಬ್ರರಿ, ಅವುಗಳ ಇನ್‌ಸ್ಟಾಲರ್ ಸಮೇತ. ಹೊಸ ವರ್ಷನ್‌ನಲ್ಲಿ ತೆರೆದ ಪ್ರಾಜೆಕ್ಟ್ ಸಾಮಾನ್ಯವಾಗಿ ಹಳೇ ವರ್ಷನ್‌ಗೆ ವಾಪಸ್ ಬರುವುದಿಲ್ಲ. ಲೈಸೆನ್ಸ್ ನಿಮ್ಮ ಕಂಪನಿ ಹೆಸರಿಗೆ, ಪ್ರೋಗ್ರಾಮರ್ ಹೆಸರಿಗಲ್ಲ. ಡೇಟಾ ಹೊರಗೆ ಕೊಡಲು ಕಂಟ್ರೋಲರ್ ಒಳಗೇ ಓಪಿಸಿ ಯುಎ (ಬೇರೆ ಬೇರೆ ಕಂಪನಿಯವು ಡೇಟಾ ಹಂಚಿಕೊಳ್ಳುವ ಸ್ಟ್ಯಾಂಡರ್ಡ್) ಅಥವಾ ನೆಟ್‌ವರ್ಕ್ ಮೇಲೆ ಹೋಗುವ ಮಾಡ್‌ಬಸ್ ಟಿಸಿಪಿ, ರಿಜಿಸ್ಟರ್ ಪಟ್ಟಿ ಸಮೇತ. ಹಳೇ ಓಪಿಸಿ ಸಾಲದು. ಅದು ವಿಂಡೋಸ್‌ನ ಡಿಕಾಮ್ ಅನ್ನುವ ಸಂಪರ್ಕ ವಿಧಾನಕ್ಕೆ ಕಟ್ಟಿಹಾಕಿದ್ದು. ಯುಎ 2008ರಲ್ಲಿ ಬಂದಮೇಲೆ ಆ ಕಟ್ಟು ಬಿಚ್ಚಿತು, ಈಗ ಓಪನ್62541 ತರಹದ ಓಪನ್ ಸೋರ್ಸ್ ಲೈಬ್ರರಿಯಿಂದಲೂ ಓದಬಹುದು.

ಐಒ ಬಗ್ಗೆಯೂ ಯೋಚಿಸಿ. ಸಿಪಿಯು ಬದಲಿಸುವುದು ಅರ್ಧ ದಿನ. ನೂರಾರು ತಂತಿ ಬಿಚ್ಚಿ ಕಟ್ಟುವುದು ಒಂದು ವಾರ, ಅದರಲ್ಲಿ ನಾಲ್ಕು ತಪ್ಪು ಗ್ಯಾರಂಟಿ. ಮಾಡ್‌ಬಸ್ ಟಿಸಿಪಿ ಅಥವಾ ಈಥರ್‌ಕ್ಯಾಟ್ ತರಹ, ಬೇರೆಯವರ ಕಂಟ್ರೋಲರ್ ಜೊತೆಗೂ ಮಾತಾಡುವ ರಿಮೋಟ್ ಐಒ ಹಾಕಿದರೆ ಮುಂದಿನ ಸಲ ತಂತಿ ಮುಟ್ಟದೆ ಸಿಪಿಯು ಬದಲಿಸಬಹುದು.

ಕೊನೆಯದಾಗಿ, ಹಣ ಪೂರ್ತಿ ಕೊಡುವ ಮುಂಚೆ ಒಂದು ಪರೀಕ್ಷೆ. ನಿಮ್ಮ ಎದುರಿಗೆ ಸಿಪಿಯು ಪೂರ್ತಿ ಖಾಲಿ ಮಾಡಿಸಿ. ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಫೈಲ್, ನಿಮ್ಮ ಹುಡುಗ. ಮತ್ತೆ ಲೋಡ್ ಮಾಡಿ ಲೈನ್ ಓಡಬೇಕು. ಈ ಮಾತು ಹೇಳಿದಾಗ ಎದುರಿನವರ ಮುಖ ನೋಡಿ. ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಹಳೇಪ್ಯಾನೆಲ್:

ಆ ಪರೀಕ್ಷೆ ಹಳೇದರ ಮೇಲೂ ಮಾಡಿ ನೋಡೋಣ ಅನಿಸಿತು. ಇರುವ ಒಂದೇ ಸ್ಪೇರ್ ಸಿಪಿಯುಗೆ ನಮ್ಮ ಫೈಲ್ ಹಾಕಿ ನೋಡಿದೆ. ಒಂದನೇ ಮತ್ತು ಎರಡನೇ ಲೈನ್ ಸರಿಯಾಗಿದೆ. ಮೂರನೇ ಲೈನ್‌ನ ಫೈಲ್‌ಗೂ ಈಗ ಓಡುತ್ತಿರುವ ಪ್ರೋಗ್ರಾಮ್‌ಗೂ ಮೂರು ಕಡೆ ವ್ಯತ್ಯಾಸ ಇದೆ! ಯಾರೋ ಆನ್‌ಲೈನ್‌ನಲ್ಲೇ ಬದಲಿಸಿ ಫೈಲ್ ಸೇವ್ ಮಾಡದೆ ಹೋಗಿದ್ದಾರೆ. ಒಂದು ಟೈಮರ್ ಫೈಲ್‌ನಲ್ಲಿ 4 ಸೆಕೆಂಡ್, ಮೆಷಿನ್‌ನಲ್ಲಿ 6. ಎಲ್ಲರನ್ನೂ ಕೇಳಿದೆ, ನಾನಲ್ಲ ನಾನಲ್ಲ ಅಂತಾರೆ. ಮತ್ತೆ 4 ಮಾಡಲಾ?

ರಾತ್ರಿಪಾಳಿ:

ಮುಟ್ಟಬೇಡಿ. ಯಾರೋ ಏನೋ ಕಾರಣಕ್ಕೇ ಬದಲಿಸಿರುತ್ತಾರೆ. ಆ ಟೈಮರ್ ಕ್ಯಾಪ್ ಹಾಕುವ ಕಡೆಯದಾ ನೋಡಿ.

ಹಳೇಪ್ಯಾನೆಲ್:

ಹೌದು ಸರ್, ಕ್ಯಾಪ್ ಹಾಕುವ ಕಡೆಯದೇ. ನಿಮಗೆ ಹೇಗೆ ಗೊತ್ತಾಯಿತು?

ರಾತ್ರಿಪಾಳಿ:

ಕ್ಯಾಪ್ ಜಾಮ್ ಆಗಿ ಲೈನ್ ನಿಲ್ಲುವುದು ಯಾವಾಗಲೂ ನಮ್ಮ ಪಾಳಿಯಲ್ಲೇ. ಟೈಮ್ ಎರಡು ಸೆಕೆಂಡ್ ಜಾಸ್ತಿ ಮಾಡಿದರೆ ಬೆಳಗಿನವರೆಗೆ ನೆಮ್ಮದಿ. ನಾನೂ ಮಾಡಿದ್ದೇನೆ. ಫೈಲ್‌ನಲ್ಲಿ 6 ಮಾಡಿ, ಪಕ್ಕದಲ್ಲಿ ಕಾಮೆಂಟ್ ಬರೆದಿಡಿ.